ಎಮ್ಡೆನ್ ಹೆಸರು ಹೊತ್ತ ರಿಬ್ಬನ್‌ಗಳು

ನಾಶವಾದ ಯುದ್ಧನೌಕೆಯೊಂದರ ನಾವಿಕರ ಸಮವಸ್ತ್ರಗಳನ್ನು ಸಂಗ್ರಹಿಸುತ್ತೇನೆ ಎಂದು ಹೇಳಿದಾಗ ಕೇಳಿದವರ ಕಣ್ಣ ಮುಂದೆ ಸಮುದ್ರದ ತಳ, ಮುಳುಗುಗಾರರು, ಪಾಚಿ ಹಿಡಿದ ಪೆಟ್ಟಿಗೆಗಳೇ ಬಂದು ನಿಲ್ಲುತ್ತವೆ. ವಾಸ್ತವದಲ್ಲಿ ನನ್ನ ಬಳಿ ಇರುವ ಒಂದು ವಸ್ತುವೂ ನೀರಿನಿಂದ ಎತ್ತಿದ್ದಲ್ಲ. ಹತ್ತಿ, ಉಣ್ಣೆ, ರೇಷ್ಮೆಗಳು ಬೆಚ್ಚಗಿನ ಉಪ್ಪುನೀರಿನಲ್ಲಿ ಶತಮಾನಗಟ್ಟಲೆ ಉಳಿಯುವ ಪದಾರ್ಥಗಳೇ ಅಲ್ಲ. ನಾನು ಕೂಡಿಟ್ಟಿರುವುದೆಲ್ಲ ಆ ಹಡಗಿನಿಂದ ಯಾರದೋ ತಲೆಯ ಮೇಲೆ, ಹೆಗಲ ಮೇಲೆ ಅಥವಾ ಮರದ ಪೆಟ್ಟಿಗೆಯಲ್ಲಿ ಇಳಿದು ಮನೆ ಸೇರಿದ ಸಾಮಾನು. ಹಡಗು ಹೋದದ್ದು ಆಮೇಲೆ.

ಆ ಹಡಗು ಜರ್ಮನಿಯ ಚಕ್ರಾಧಿಪತ್ಯದ ನೌಕಾಪಡೆಗೆ ಸೇರಿದ ಎಮ್ಡೆನ್ ಎಂಬ ಲಘು ಕ್ರೂಸರ್. 1908ರಲ್ಲಿ ಡಾನ್ಜಿಗ್‌ನಲ್ಲಿ ನೀರಿಗಿಳಿದು, 1910ರಲ್ಲಿ ಚೀನಾದ ಕರಾವಳಿಯಲ್ಲಿ ಜರ್ಮನರು ಹಿಡಿದುಕೊಂಡಿದ್ದ ಚಿಂಗ್‌ಡಾವ್ ಬಂದರಿಗೆ ಹೊರಟ ಈ ನೌಕೆ ಮತ್ತೆ ಜರ್ಮನಿಗೆ ಮರಳಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್ ಅದನ್ನು ಹಿಂದೂ ಮಹಾಸಾಗರಕ್ಕೆ ತಂದ. ಮೂರು ಹೊಗೆಕೊಳವೆಗಳಿದ್ದ ನೌಕೆಯನ್ನು ದೂರದಿಂದ ನೋಡಿದವರು ಬ್ರಿಟಿಷರದೆಂದು ತಿಳಿಯಲಿ ಎಂದು ನಾಲ್ಕನೆಯ ಹುಸಿ ಕೊಳವೆಯನ್ನು ನಿಲ್ಲಿಸಿಕೊಂಡು, ಎರಡು ತಿಂಗಳ ಕಾಲ ಕಲ್ಕತ್ತೆ, ಕೊಲಂಬೊ, ಏಡನ್‌ಗಳ ನಡುವಿನ ವ್ಯಾಪಾರದ ದಾರಿಯನ್ನೇ ಅಲ್ಲೋಲಕಲ್ಲೋಲಗೊಳಿಸಿದ. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಬಂದರಿನ ಮುಂದೆ ಬಂದು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿಸಿದ. ಅಕ್ಟೋಬರ್ 28ರಂದು ಪೆನಾಂಗ್ ಬಂದರಿಗೆ ನುಗ್ಗಿ ರಷ್ಯಾದ ಕ್ರೂಸರ್ ಒಂದನ್ನೂ ಹೊರಬರುವಾಗ ಫ್ರಾನ್ಸಿನ ಸಣ್ಣ ಯುದ್ಧನೌಕೆಯೊಂದನ್ನೂ ಮುಳುಗಿಸಿದ. ಕಡೆಗೆ ನವೆಂಬರ್ 9ರಂದು ಕೋಕೋಸ್ ದ್ವೀಪಗಳಲ್ಲಿ ತಂತಿ ಕಚೇರಿಯನ್ನು ಹಾಳುಮಾಡಲು ಹೋದಾಗ ಆಸ್ಟ್ರೇಲಿಯಾದ ಸಿಡ್ನಿ ಎಂಬ ಕ್ರೂಸರ್ ಎದುರಾಯಿತು. ಸಿಡ್ನಿಯ ಆರು ಇಂಚಿನ ತೋಪುಗಳ ಮುಂದೆ ಎಮ್ಡೆನ್‌ನ ಹತ್ತೂವರೆ ಸೆಂಟಿಮೀಟರ್ ತೋಪುಗಳು ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಮುಳುಗುವ ಮೊದಲೇ ಮ್ಯುಲ್ಲರ್ ನೌಕೆಯನ್ನು ನಾರ್ತ್ ಕೀಲಿಂಗ್ ದ್ವೀಪದ ಹವಳದ ದಂಡೆಗೆ ಏರಿಸಿ ನಿಲ್ಲಿಸಿದ. ಜರ್ಮನರ ಕಡೆ 130ಕ್ಕೂ ಹೆಚ್ಚು ಮಂದಿ, ಸಿಡ್ನಿಯಲ್ಲಿ ನಾಲ್ವರು ಸತ್ತರು.

ನನಗೆ ಈ ಹೆಸರು ಪರಿಚಯವಾದದ್ದು ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿರುವ ಸೋದರತ್ತೆಯ ಮನೆಯಲ್ಲಿ. ಅವರ ಅತ್ತೆಮನೆಯ ಹಿರಿಯರು ಹುಟ್ಟು-ಸಾವುಗಳ ಲೆಕ್ಕ ಹೇಳುವಾಗ ‘ಎಮ್ಡೆನ್ ಬಂದ ವರ್ಷ’ ಎನ್ನುತ್ತಿದ್ದರಂತೆ. ಆ ರಾತ್ರಿಯ ನಂತರ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ನುಗ್ಗಿದ್ದು ಚರಿತ್ರೆಯಲ್ಲಿಯೂ ದಾಖಲಾಗಿದೆ. ಹೈಕೋರ್ಟಿನ ಆವರಣದ ಗೋಡೆಯಲ್ಲಿ ಆ ದಾಳಿಯನ್ನು ನೆನಪಿಸುವ ಕಲ್ಲು ಇಂದಿಗೂ ಇದೆ. ಮುಂದೆ ಉದ್ಯೋಗಕ್ಕೆಂದು ಹ್ಯಾಂಬರ್ಗ್‌ಗೆ ಬಂದು, ಬಟ್ಟೆಯ ಗುಣಮಟ್ಟ ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಇಲ್ಲಿನ ಹಳೆಯ ಸಾಮಾನಿನ ಸಂತೆಗಳಲ್ಲಿ ನಾವಿಕರ ಟೋಪಿಯ ರಿಬ್ಬನ್‌ಗಳು ರಾಶಿ ಬಿದ್ದಿರುವುದು ಕಣ್ಣಿಗೆ ಬಿತ್ತು. ನೇಯ್ಗೆಯನ್ನು ನೋಡುವುದು ಹೊಟ್ಟೆಪಾಡಾಗಿದ್ದವನಿಗೆ ಅದು ಹವ್ಯಾಸವೂ ಆಗಿ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನೌಕೆಯೇ ನಾಶವಾದ ಮೇಲೆ ಅದರ ನಾವಿಕರ ಬಟ್ಟೆಗಳು ಉಳಿದದ್ದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಇದು ಗೊತ್ತಿಲ್ಲದೆ ಈ ಸಂಗ್ರಹಕ್ಕೆ ಕೈಹಾಕಿದವರ ದುಡ್ಡು ಮಾರುವವರ ಪಾಲು. ಪೂರ್ವ ಏಷ್ಯಾದ ಪಡೆಯಲ್ಲಿ ಸಾಮಾನ್ಯ ನಾವಿಕನೊಬ್ಬ ಎರಡು ವರ್ಷದ ಆಸುಪಾಸು ದುಡಿದು, ಬದಲಿ ತಂಡ ಬಂದ ಮೇಲೆ ಜರ್ಮನಿಗೆ ಮರಳುತ್ತಿದ್ದ. ಆದ್ದರಿಂದ 1910ರಿಂದ 1914ರವರೆಗೆ ಎಮ್ಡೆನ್ ಮೇಲೆ ಸೇವೆ ಸಲ್ಲಿಸಿದವರ ಸಂಖ್ಯೆ ಕೊನೆಯ ಕಾಳಗದಲ್ಲಿ ಇದ್ದವರಿಗಿಂತ ಬಹಳ ದೊಡ್ಡದು. ಹೀಗೆ ಮರಳಿದವರು ಟೋಪಿ, ರಿಬ್ಬನ್, ಕಾಲರ್, ಭಾವಚಿತ್ರಗಳನ್ನು ಜೊತೆಗೆ ಒಯ್ದರು. ಇಂದು ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ವಸ್ತುಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಬಂದವು. ಎರಡನೆಯ ದಾರಿ ಯುದ್ಧಕೈದಿಗಳದು. ಬದುಕುಳಿದವರನ್ನು ಕೊಲಂಬೊಗೆ ಒಯ್ದರು, ಮ್ಯುಲ್ಲರ್ ಸಹಿತ ಅನೇಕರನ್ನು ಅಲ್ಲಿಂದ ಮಾಲ್ಟಾಕ್ಕೆ ಸಾಗಿಸಿದರು. ಇವರಲ್ಲದೆ ಎಮ್ಡೆನ್ ವಶಪಡಿಸಿಕೊಂಡಿದ್ದ ಹಡಗುಗಳನ್ನು ನಡೆಸುತ್ತಿದ್ದ ಕೆಲವರು ಸೆರೆಸಿಕ್ಕು ಸಿಂಗಾಪುರದ ಸೆರೆಮನೆ ಸೇರಿದ್ದರು. ಅವರಲ್ಲಿ ಒಬ್ಬನಾದ ಲಾಟರ್‌ಬಾಖ್, 1915ರ ಫೆಬ್ರವರಿಯಲ್ಲಿ ಅಲ್ಲಿನ ಭಾರತೀಯ ಸಿಪಾಯಿಗಳು ದಂಗೆ ಎದ್ದ ಗದ್ದಲದಲ್ಲಿ ತಪ್ಪಿಸಿಕೊಂಡು ಹೋದ. ಕೈದಿಗಳ ರಿಬ್ಬನ್‌ಗಳು ಕಾವಲುಗಾರರ ನೆನಪಿನ ಕಾಣಿಕೆಗಳಾಗಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಮನೆಗಳನ್ನು ಸೇರಿದವು.

ಮೂರನೆಯದು ಎಮ್ಡೆನ್‌ನ ಅಧಿಕಾರಿ ಫಾನ್ ಮ್ಯುಕೆಯ ತಂಡ. ತಂತಿ ಕಚೇರಿಯನ್ನು ಮುರಿಯಲು ದಡಕ್ಕೆ ಇಳಿದಿದ್ದ ಐವತ್ತು ಮಂದಿ, ತಮ್ಮ ನೌಕೆ ಕಣ್ಣೆದುರೇ ಕಾಳಗಕ್ಕೆ ಹೊರಟುಹೋದಾಗ, ಅಲ್ಲಿಯೇ ಲಂಗರು ಹಾಕಿದ್ದ ಆಯೇಷಾ ಎಂಬ ಹಳೆಯ ಹಾಯಿಹಡಗನ್ನು ಹಿಡಿದುಕೊಂಡು ಸುಮಾತ್ರಾಕ್ಕೆ, ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಅರೇಬಿಯಾದ ಹೊದೈದಾಕ್ಕೆ, ಅಲ್ಲಿಂದ ಮರಳುಗಾಡನ್ನೂ ರೈಲನ್ನೂ ಹಾದು 1915ರ ಮೇ ತಿಂಗಳಲ್ಲಿ ಕಾನ್‌ಸ್ಟಾಂಟಿನೋಪಲ್ ಮುಟ್ಟಿದರು. ಈ ಕಥೆ ಎಷ್ಟು ರೋಚಕವೋ ಈ ತಂಡದ ಬಟ್ಟೆ ಎಂದು ಮಾರಾಟಕ್ಕೆ ಬರುವ ಸಾಮಾನು ಅಷ್ಟೇ ಅನುಮಾನಾಸ್ಪದ. ಒಂದು ಬೆಳಗಿನ ಕೆಲಸಕ್ಕೆಂದು ತೊಟ್ಟು ಹೋಗಿದ್ದ ತೆಳುವಾದ ಬಟ್ಟೆಯಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಸಮುದ್ರ, ಮಳೆ, ಮರಳುಗಾಡು, ಬೆದೂಯಿನರೆಂಬ ಅರಬ್ ಅಲೆಮಾರಿಗಳ ಗುಂಡಿನ ಸುರಿಮಳೆಗಳನ್ನು ದಾಟಿದವರ ಅಂಗಿ ಇಸ್ತ್ರಿ ಮಾಡಿದಂತೆ ಉಳಿದಿದೆ ಎಂದರೆ ನಂಬುವುದು ಕಷ್ಟ. ನಾಲ್ಕನೆಯ ದಾರಿ ನೌಕೆಯ ಅವಶೇಷ. ಅದರ ವಿಷಯ ಮುಂದೆ ಬರುತ್ತದೆ.

ಇನ್ನು ರಿಬ್ಬನ್. ಜರ್ಮನ್ ನಾವಿಕನ ಟೋಪಿ ತಟ್ಟೆಯಂತೆ ಚಪ್ಪಟೆಯಾದದ್ದು. ಅದರ ಪಟ್ಟಿಯ ಸುತ್ತ ಸುಮಾರು ಮೂರು ಸೆಂಟಿಮೀಟರ್ ಅಗಲದ ಕಪ್ಪು ರಿಬ್ಬನ್ ಸುತ್ತಿ, ಎರಡು ತುದಿಗಳನ್ನು ಹಿಂದೆ ಕುತ್ತಿಗೆಯ ಮೇಲೆ ಇಳಿಬಿಡುತ್ತಿದ್ದರು. ಹಣೆಯ ನೇರಕ್ಕೆ ಬರುವಂತೆ ‘ಎಸ್. ಎಂ. ಎಸ್. ಎಮ್ಡೆನ್’ ಎಂದು ಹೆಸರು. ಮೊದಲ ಮೂರು ಅಕ್ಷರಗಳು ‘ಸಾಮ್ರಾಟರ ನೌಕೆ’ ಎಂಬುದರ ಸಂಕ್ಷೇಪ. ಈ ಅಕ್ಷರಗಳು ಕಸೂತಿಯಲ್ಲ, ರಿಬ್ಬನ್ನಿನ ನೇಯ್ಗೆಯೊಳಗೇ ಲೋಹದ ಎಳೆಯಿಂದ ಮೂಡಿಸಿದವು. ತೋಪು, ಹಗ್ಗ, ಚುಕ್ಕಾಣಿಗಳ ಕೆಲಸದವರಿಗೆ ಚಿನ್ನದ ಬಣ್ಣದ ಎಳೆ, ಯಂತ್ರಗಳ ಮತ್ತು ಕಲ್ಲಿದ್ದಲ ಒಲೆಗಳ ಕೆಲಸದವರಿಗೆ ಬೆಳ್ಳಿಯ ಬಣ್ಣದ ಎಳೆ. ನಮ್ಮ ಅಜ್ಜಿಯಂದಿರ ರೇಷ್ಮೆ ಸೀರೆಯ ಜರಿ ಪೆಟ್ಟಿಗೆಯಲ್ಲಿಯೇ ಕಪ್ಪಾಗುವಂತೆ ಈ ಎಳೆಯೂ ಗಾಳಿ ತಾಗಿ ಕಪ್ಪಾಗುತ್ತದೆ. ನೂರು ವರ್ಷದ ನಂತರ ಚಿನ್ನದ ಮುಲಾಮು ಸವೆದ ರಿಬ್ಬನ್ನಿಗೂ ಮಾಸಿದ ಬೆಳ್ಳಿಯ ರಿಬ್ಬನ್ನಿಗೂ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವುದಿಲ್ಲ. ಭೂತಗನ್ನಡಿ ಹಿಡಿದು, ಎರಡು ಅಕ್ಷರಗಳ ನಡುವೆ ಎಳೆಯು ಹಿಂಬದಿಗೆ ಇಳಿಯುವ ಜಾಗವನ್ನು ನೋಡಿದರೆ, ಗಾಳಿ ಬೆಳಕು ತಾಗದ ಆ ಮಡಿಕೆಯಲ್ಲಿ ಮೂಲ ಬಣ್ಣ ಒಂದಿಷ್ಟು ಉಳಿದಿರುತ್ತದೆ. ನನ್ನ ಬಳಿ ಇರುವ ಒಂದು ರಿಬ್ಬನ್ನಿನಲ್ಲಿ ಎಲ್ಲ ಅಕ್ಷರಗಳೂ ಬೂದಿ ಬಣ್ಣಕ್ಕೆ ತಿರುಗಿದ್ದರೂ, ‘ಡಿ’ ಅಕ್ಷರದ ಬೆನ್ನ ಹಿಂದೆ ಮಾತ್ರ ಅರಿಸಿನದ ಹೊಳಪು ಸ್ಪಷ್ಟವಾಗಿದೆ. ಆದ್ದರಿಂದ ಅದನ್ನು ತೊಟ್ಟವನು ಒಲೆಯ ಕೋಣೆಯವನಲ್ಲ, ಮೇಲಿನ ಡೆಕ್ಕಿನವನು ಎಂದು ಹೇಳಬಹುದು.

ಆದರೆ ಇಷ್ಟೆಲ್ಲ ನೋಡಿದರೂ ಆ ರಿಬ್ಬನ್ 1914ರಲ್ಲಿ ನಾಶವಾದ ಎಮ್ಡೆನ್‌ನದೇ ಎಂದು ಹೇಳಲು ಸಾಧ್ಯವಿಲ್ಲ. ಏಕೆಂದರೆ ಆ ಹೆಸರಿನ ನೌಕೆಗಳು ಒಂದಲ್ಲ. ಮೊದಲನೆಯದು ಹೋದ ಮೇಲೆ ಜರ್ಮನರು 1916ರಲ್ಲಿ ಇನ್ನೊಂದು ಎಮ್ಡೆನ್ ಕಟ್ಟಿ, ಹಳೆಯ ನೌಕೆಯ ಗೌರವಾರ್ಥ ಅದರ ಮೂತಿಗೆ ಕಬ್ಬಿಣದ ಶಿಲುಬೆ ಎಂಬ ಜರ್ಮನ್ ಶೌರ್ಯಪದಕದ ಚಿಹ್ನೆಯನ್ನು ತೊಡಿಸಿದರು. ಯುದ್ಧ ಮುಗಿದ ಮೇಲೆ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬಲ್ಲಿ ಸೆರೆಯಲ್ಲಿದ್ದ ಜರ್ಮನ್ ನೌಕಾಸಮೂಹದಲ್ಲಿ ಅದೂ ಇತ್ತು. 1919ರ ಜೂನ್ 21ರಂದು ಆ ನೌಕೆಗಳನ್ನು ಜರ್ಮನರೇ ಮುಳುಗಿಸಿಕೊಂಡಾಗ, ಅವರ ಅಡ್ಮಿರಲ್ ಫಾನ್ ರಾಯ್ಟರ್ ಇದ್ದದ್ದು ಈ ಎರಡನೆಯ ಎಮ್ಡೆನ್ ಮೇಲೆಯೇ. ಅದರ ನಾವಿಕರ ರಿಬ್ಬನ್ನಿನ ಮೇಲೂ ಅದೇ ಅಕ್ಷರಗಳು, ಅದೇ ಕ್ರಮ. ಮೂರನೆಯ ಎಮ್ಡೆನ್ 1925ರಲ್ಲಿ ನೀರಿಗಿಳಿಯಿತು. ಆ ಹೊತ್ತಿಗೆ ಸಾಮ್ರಾಟರೂ ಇರಲಿಲ್ಲ, ‘ಸಾಮ್ರಾಟರ ನೌಕೆ’ ಎಂಬ ಬರಹವೂ ಇರಲಿಲ್ಲ. ಅದರ ರಿಬ್ಬನ್ನಿನಲ್ಲಿ ‘ಕ್ರೂಸರ್ ಎಮ್ಡೆನ್’ ಎಂದು ಮೊನಚಾದ ಹಳೆಯ ಜರ್ಮನ್ ಲಿಪಿಯಲ್ಲಿ ಬರೆದಿರುವುದರಿಂದ ಗೊಂದಲವಿಲ್ಲ. ಈ ಮೂರನೆಯ ನೌಕೆಯನ್ನು ನಾನು ಸಂಗ್ರಹಿಸುವುದಿಲ್ಲ. ನಾಜಿಗಳ ಕಾಲದ ಚಿಹ್ನೆಗಳನ್ನು ಮನೆಯಲ್ಲಿ ಪೇರಿಸಿಡುವುದು ನನಗೆ ಒಗ್ಗದ ವಿಷಯ.

ಮೊದಲ ಎರಡರ ನಡುವಿನ ಗೊಂದಲವೇ ಈ ವ್ಯಾಪಾರದ ಬಂಡವಾಳ. ಸ್ಕಾಪಾ ಫ್ಲೋದಲ್ಲಿ ಕಾವಲಿದ್ದ ಬ್ರಿಟಿಷ್ ನಾವಿಕರು ನೆನಪಿಗೆಂದು ಕೂಡಿಹಾಕಿದ ಸಾಮಾನಿನಲ್ಲಿ ಎರಡನೆಯ ಎಮ್ಡೆನ್‌ನ ರಿಬ್ಬನ್‌ಗಳೂ ಇದ್ದರೆ ಅದು ಸಹಜವೇ. ಅಂಥವು ಇಂದು ಹರಾಜಿಗೆ ಬರುವಾಗ ಮಾರುವವರು ಕೋಕೋಸ್ ಕಾಳಗದ ಕಥೆಯನ್ನು ಎರಡು ಪುಟ ಬರೆದು, ರಿಬ್ಬನ್ ಬಗ್ಗೆ ಒಂದು ಸಾಲು ಬರೆಯುತ್ತಾರೆ. ಒಮ್ಮೆ ಹರಾಜು ಸಂಸ್ಥೆಯೊಂದು ಇಂಥ ರಿಬ್ಬನ್ನನ್ನು ಮೊದಲ ಎಮ್ಡೆನ್‌ನದೆಂದು ಸಾರಿತ್ತು. ಅದರ ಜೊತೆಗಿದ್ದ ಭಾವಚಿತ್ರದಲ್ಲಿ ನಿಂತಿದ್ದ ನಾವಿಕನ ಹಿಂದೆ ನೌಕೆಯ ಮೂತಿಯ ಮೇಲಿನ ಶಿಲುಬೆ ಎದ್ದು ಕಾಣುತ್ತಿತ್ತು. ನಾನು ಪತ್ರ ಬರೆದು ಇದನ್ನು ತಿಳಿಸಿದೆ. ಉತ್ತರ ಬರಲಿಲ್ಲ, ವಿವರಣೆಯೂ ಬದಲಾಗಲಿಲ್ಲ, ಭಾವಚಿತ್ರ ಮಾತ್ರ ಪಟ್ಟಿಯಿಂದ ಮಾಯವಾಯಿತು. ಅಂಗಡಿಯವರ ಮಾತಿಗಿಂತ ಅವರು ತೆಗೆದುಹಾಕಿದ ಚಿತ್ರ ಹೆಚ್ಚು ಹೇಳಿತು.

ಹಾಗಾಗಿ ನನ್ನ ಮಟ್ಟಿಗೆ ವಸ್ತುವಿಗಿಂತ ಕಾಗದ ಮುಖ್ಯ. ನಾವಿಕನ ಸೇವಾ ಪುಸ್ತಿಕೆಯಲ್ಲಿ ಅವನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ನೌಕೆಯ ಮೇಲಿದ್ದ ಎಂಬುದು ಅಧಿಕಾರಿಯ ಸಹಿಯೊಂದಿಗೆ ನಮೂದಾಗಿರುತ್ತದೆ. ಆ ಪುಸ್ತಿಕೆ, ಅದೇ ಹೆಸರಿನ ಬಟ್ಟೆಯ ಚೀಟಿ ಹೊಲಿದ ಅಂಗಿ ಅಥವಾ ಟೋಪಿ, ಮತ್ತು ಅದನ್ನು ತೊಟ್ಟ ಭಾವಚಿತ್ರ, ಈ ಮೂರೂ ಒಂದೇ ಮನೆಯಿಂದ ಒಟ್ಟಿಗೆ ಬಂದರೆ ಮಾತ್ರ ನಾನು ನಿಶ್ಚಿಂತೆಯಿಂದ ಕೊಳ್ಳುತ್ತೇನೆ. ಕಾಳಗದಲ್ಲಿ ಸತ್ತವರ ಮತ್ತು ಸೆರೆಸಿಕ್ಕವರ ಹೆಸರುಗಳು ಯುದ್ಧಕಾಲದಲ್ಲಿಯೇ ಮುದ್ರಣವಾದ ಜರ್ಮನ್ ನೌಕಾಪಡೆಯ ನಷ್ಟಪಟ್ಟಿಗಳಲ್ಲಿ ಊರಿನ ಹೆಸರಿನೊಂದಿಗೆ ಸಿಗುತ್ತವೆ. ಅಧಿಕಾರಿಗಳ ಸೇವಾ ದಾಖಲೆಗಳಿಗೆ ಫ್ರೈಬರ್ಗ್‌ನಲ್ಲಿರುವ ಸೇನಾ ದಾಖಲೆಗಳ ಭಂಡಾರವಿದೆ. ಕಾಳಗದಲ್ಲಿದ್ದು ಬದುಕುಳಿದವರಿಗೆ ತಮ್ಮ ಮನೆತನದ ಹೆಸರಿಗೆ ‘ಎಮ್ಡೆನ್’ ಎಂದು ಸೇರಿಸಿಕೊಳ್ಳುವ ಗೌರವ ದೊರೆಯಿತು, ಮಕ್ಕಳು ಮೊಮ್ಮಕ್ಕಳಿಗೂ ಅದು ಇಳಿದುಬಂದಿತು. ಅಂಥ ಜೋಡು ಹೆಸರಿನ ಮನೆಯಿಂದ ಬಂದ ಪೆಟ್ಟಿಗೆಯಲ್ಲಿ ಬರಿಯ ಒಂದು ಕಾಲರ್ ಇದ್ದರೂ ಸಾಕು, ಅದರ ತೂಕವೇ ಬೇರೆ. ಕಾಗದವಿಲ್ಲದ ಒಂಟಿ ರಿಬ್ಬನ್ ಎಷ್ಟೇ ಅಂದವಾಗಿದ್ದರೂ ಅದು ‘ಎಮ್ಡೆನ್ ಹೆಸರಿನ ರಿಬ್ಬನ್’ ಮಾತ್ರ. ನನ್ನ ಪಟ್ಟಿಯಲ್ಲಿಯೂ ಅದನ್ನು ಹಾಗೆಯೇ ಬರೆದಿಟ್ಟಿದ್ದೇನೆ.

ನಕಲಿಗಳನ್ನು ಹಿಡಿಯುವುದು ಇದಕ್ಕೆ ಹೋಲಿಸಿದರೆ ಸುಲಭ. ಇತ್ತೀಚೆಗೆ ನೇಯ್ದ ರಿಬ್ಬನ್‌ಗಳಲ್ಲಿ ಲೋಹದ ಬದಲು ಪ್ಲಾಸ್ಟಿಕ್ ಲೇಪದ ಹೊಳೆಯುವ ಎಳೆ ಇರುತ್ತದೆ, ಅದು ಎಂದಿಗೂ ಕಪ್ಪಾಗುವುದಿಲ್ಲ. ಚಹದ ನೀರಿನಲ್ಲಿ ಅದ್ದಿ ಹಳೆಯದಾಗಿ ಕಾಣಿಸುವವರಿದ್ದಾರೆ, ಆದರೆ ಚಹ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ, ಕಾಲ ಹಾಗೆ ಹರಡುವುದಿಲ್ಲ. ನಿಜವಾಗಿ ತೊಟ್ಟ ರಿಬ್ಬನ್ನಿನಲ್ಲಿ ಹಣೆಯ ಭಾಗ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಟೋಪಿಯ ಹಿಂದೆ ಒಂದರ ಮೇಲೊಂದು ಬಂದ ಭಾಗ ಕಪ್ಪಾಗಿಯೇ ಉಳಿದಿರುತ್ತದೆ, ಹೊಲಿಗೆಯ ಸೂಜಿತೂತುಗಳ ಸುತ್ತ ಸಣ್ಣ ತುಕ್ಕಿನ ಚುಕ್ಕೆಗಳೂ ಕಾಣಬಹುದು. ಇಳಿಬಿದ್ದ ತುದಿಗಳು ಗಾಳಿಗೆ ಬಡಿದು ಬಡಿದು ಅಂಚು ಬಿಟ್ಟುಕೊಂಡಿರುತ್ತವೆ. ನೇರಳಾತೀತ ದೀಪವನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಬಟ್ಟೆಯ ಬಿಳುಪು ಹೆಚ್ಚಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ಹೊತ್ತಿನಿಂದ, ಆದ್ದರಿಂದ ಕಾಲರಿನ ಬಿಳಿ ಗೆರೆಗಳು ಆ ದೀಪದ ಕೆಳಗೆ ನೀಲಿಯಾಗಿ ಹೊಳೆದರೆ ಅದು ಹೊಸದು ಎಂಬುದು ಅವರ ವಾದ. ಪ್ರಯೋಗಾಲಯದ ಅನುಭವದಿಂದ ಇದಕ್ಕೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಆ ರಾಸಾಯನಿಕಗಳು ಬಟ್ಟೆ ಒಗೆಯುವ ಪುಡಿಯಲ್ಲಿಯೂ ಇರುತ್ತವೆ. ಯಾರೋ ಮೊಮ್ಮಗಳು 1970ರಲ್ಲಿ ಅಜ್ಜನ ಕಾಲರನ್ನು ಶುಚಿಮಾಡಲು ಪುಡಿ ಹಾಕಿ ಒಗೆದಿದ್ದರೆ ಅಪ್ಪಟ ಹಳೆಯ ಕಾಲರೂ ಹೊಳೆಯುತ್ತದೆ. ದೂಷಿಸುವ ಮೊದಲು ಹೊಲಿಗೆಯ ಸಂದನ್ನು ಬಿಡಿಸಿ ಒಳದಾರವನ್ನು ನೋಡಬೇಕು. ಒಳದಾರವೂ ಹೊಳೆದರೆ ಅನುಮಾನಿಸಬಹುದು, ಅದು ಪಾಲಿಯೆಸ್ಟರ್ ಆಗಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯಿತು.

ಉಳಿದ ಬಟ್ಟೆಗಳಲ್ಲಿ ನನಗೆ ಅತಿ ಪ್ರಿಯವಾದವು ಉಷ್ಣವಲಯದ ಬಿಳಿಯ ಅಂಗಿಗಳು. ಸರಕಾರಿ ಉಗ್ರಾಣದಿಂದ ಕೊಟ್ಟ ಬಟ್ಟೆಗೆ ಕೀಲ್ ಅಥವಾ ವಿಲ್ಹೆಲ್ಮ್‌ಸ್‌ಹಾಫೆನ್ ನೌಕಾನೆಲೆಯ ಉಡುಪಿನ ಕಚೇರಿಯ ಮೊಹರು ಒಳಗೆ ಇರುತ್ತದೆ. ಈ ಬಿಳಿ ಬಟ್ಟೆಯನ್ನು ಸ್ವಚ್ಛವಾಗಿಡುವುದು ಎಮ್ಡೆನ್‌ನಂಥ ನೌಕೆಯಲ್ಲಿ ದೊಡ್ಡ ಪಾಡು. ಅದು ಕಲ್ಲಿದ್ದಲು ಉರಿಸುವ ನೌಕೆ, ವಶಪಡಿಸಿಕೊಂಡ ಹಡಗುಗಳಿಂದ ನಡುಸಮುದ್ರದಲ್ಲಿಯೇ ಮೂಟೆ ಮೂಟೆ ಕಲ್ಲಿದ್ದಲನ್ನು ತುಂಬಿಕೊಳ್ಳಬೇಕಾಗಿತ್ತು, ಅಧಿಕಾರಿ ನಾವಿಕರೆನ್ನದೆ ಎಲ್ಲರ ಮೈಮೇಲೂ ಮಸಿ. ಪೂರ್ವ ಏಷ್ಯಾದ ಜರ್ಮನ್ ನೌಕೆಗಳಲ್ಲಿ ಬಟ್ಟೆ ಒಗೆಯಲು ಚೀನೀ ಅಗಸರಿರುತ್ತಿದ್ದರು. ಆದರೆ ಯುದ್ಧ ಆರಂಭವಾದ ಮೇಲೆ ಎಮ್ಡೆನ್‌ನಲ್ಲಿ ಸೋಪಿಗೇ ಬರ ಬಂದಿತ್ತು. 1914ರ ಸೆಪ್ಟೆಂಬರ್ 10ರಂದು ಬಂಗಾಳ ಕೊಲ್ಲಿಯಲ್ಲಿ ಅವರ ಕೈಗೆ ಸಿಕ್ಕ ಇಂಡಸ್ ಎಂಬ ಹಡಗು, ಭಾರತದಿಂದ ಸೈನಿಕರನ್ನು ಸಾಗಿಸಲೆಂದು ಸಜ್ಜಾಗಿ ಕಲ್ಕತ್ತೆಯಿಂದ ಮುಂಬಯಿಗೆ ಹೊರಟಿತ್ತು. ಅದರ ಉಗ್ರಾಣದಲ್ಲಿ ಪೆಟ್ಟಿಗೆಗಟ್ಟಲೆ ಸೋಪು ಸಿಕ್ಕಿದಾಗ ನಾವಿಕರಿಗೆ ಹಬ್ಬವಾಯಿತಂತೆ. ಭಾರತೀಯ ಸಿಪಾಯಿಗಳಿಗೆಂದು ಹೊರಟಿದ್ದ ಸೋಪಿನಲ್ಲಿ ಒಗೆದ ಜರ್ಮನ್ ಅಂಗಿಯೊಂದು ಎಲ್ಲಿಯಾದರೂ ಉಳಿದಿದ್ದರೆ ಬೆಲೆ ಕೇಳದೆ ಕೊಂಡುಕೊಳ್ಳುತ್ತೇನೆ, ಆದರೆ ಅದನ್ನು ಸಾಬೀತುಪಡಿಸುವ ಕಾಗದ ಲೋಕದಲ್ಲಿ ಇರಲಾರದು.

ಅಧಿಕಾರಿಗಳ ಉಡುಪುಗಳಿಗೆ ನಾನು ಕೈಹಾಕುವುದು ಕಡಿಮೆ. ಅವರ ಟೋಪಿಯ ಮೇಲೆ ನೌಕೆಯ ಹೆಸರು ಇರುತ್ತಿರಲಿಲ್ಲ, ಬಟ್ಟೆಯನ್ನು ಖಾಸಗಿ ದರ್ಜಿಗಳಿಂದ ಹೊಲಿಸಿಕೊಳ್ಳುತ್ತಿದ್ದರು. ಕೋಟಿನ ಒಳಜೇಬಿನ ಚೀಟಿಯಲ್ಲಿ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜೊತೆಗೆ ಎಮ್ಡೆನ್‌ನ ಅಧಿಕಾರಿಗಳು ಬೆರಳೆಣಿಕೆಯಷ್ಟು ಮಂದಿಯಾದ್ದರಿಂದ, ಅವರ ಹೆಸರಿನ ಸುಳ್ಳು ಚೀಟಿ ಹೊಲಿಯುವುದು ಮೋಸಗಾರರಿಗೆ ಲಾಭದ ಕೆಲಸ.

ಇವೆಲ್ಲಕ್ಕಿಂತ ಚಂದದ ವಸ್ತುವೊಂದು ಸಮವಸ್ತ್ರವೂ ಅಲ್ಲ, ಸಮವಸ್ತ್ರವಿಲ್ಲದೆ ಅದಕ್ಕೆ ಅರ್ಥವೂ ಇಲ್ಲ. ಪೂರ್ವ ಏಷ್ಯಾದಲ್ಲಿ ಸೇವೆ ಮುಗಿಸಿದ ನಾವಿಕರು ಊರಿಗೆ ಹೊರಡುವ ಮೊದಲು ಸ್ಥಳೀಯ ಕಸೂತಿಗಾರರಿಂದ ದೊಡ್ಡ ರೇಷ್ಮೆಯ ಪಟಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಕಪ್ಪು ಅಥವಾ ಕೆಂಪು ನೆಲದ ಮೇಲೆ ಚಿನ್ನದ ಎಳೆಯ ಡ್ರ್ಯಾಗನ್, ಬಾವುಟಗಳು, ಲಂಗರು, ‘ಪೂರ್ವ ಏಷ್ಯಾದಲ್ಲಿನ ನನ್ನ ಸೇವಾಕಾಲದ ನೆನಪಿಗೆ’ ಎಂಬ ಬರಹ, ನಡುವೆ ನಾವಿಕನ ಭಾವಚಿತ್ರಕ್ಕೆಂದು ಬಿಟ್ಟ ದುಂಡನೆಯ ಜಾಗ. ಕೆಲವರು ಆ ಚಿತ್ರದ ಕೆಳಗೆ ತಮ್ಮ ಟೋಪಿಯ ರಿಬ್ಬನ್ನನ್ನೇ ಹೊಲಿಸಿಬಿಡುತ್ತಿದ್ದರು. ನನ್ನಲ್ಲಿರುವ ಪಟದಲ್ಲಿ ಕಸೂತಿಗಾರ ಜರ್ಮನ್ ಅಕ್ಷರಗಳನ್ನು ಓದಲು ಬಾರದೆ, ಕೊಟ್ಟ ಚೀಟಿಯನ್ನು ನೋಡಿ ಚಿತ್ರದಂತೆ ನಕಲು ಮಾಡಿದ್ದಾನೆ. ಒಂದು ‘ಎನ್’ ತಿರುಗುಮುರುಗಾಗಿದೆ. ಕೆಳಗೆ ಹೊಲಿದ ರಿಬ್ಬನ್ ಮಾತ್ರ ಗಾಜಿನ ಒಳಗೆ, ಮರದ ಚೌಕಟ್ಟಿನಲ್ಲಿ ಇದ್ದುದರಿಂದ ಸವೆಯದೆ ಉಳಿದಿದೆ. ಬರಹದಲ್ಲಿ 1911–1913 ಎಂದು ಇಸವಿಗಳಿರುವುದರಿಂದ ಎರಡನೆಯ ಎಮ್ಡೆನ್ ಹುಟ್ಟುವ ಮೊದಲಿನದೆಂಬುದು ಖಚಿತ. ಕಾಗದದ ಕೆಲಸವನ್ನು ಇಲ್ಲಿ ರೇಷ್ಮೆಯೇ ಮಾಡಿದೆ.

ಇನ್ನು ಅವಶೇಷದ ವಿಷಯ. ದಂಡೆ ಹತ್ತಿದ ನೌಕೆಯಿಂದ ಮೊದಲು ಆಸ್ಟ್ರೇಲಿಯಾದವರು ತೋಪುಗಳನ್ನೂ ಇತರ ಸಾಮಾನನ್ನೂ ತೆಗೆದರು. ಒಂದು ತೋಪು ಸಿಡ್ನಿಯ ಹೈಡ್ ಪಾರ್ಕಿನ ಮೂಲೆಯಲ್ಲಿ ಇಂದಿಗೂ ನಿಂತಿದೆ. ಹಡಗಿನಲ್ಲಿ ಸಿಕ್ಕ ಮೆಕ್ಸಿಕೋದ ಬೆಳ್ಳಿ ನಾಣ್ಯಗಳ ಪೈಕಿ ಕೆಲವಕ್ಕೆ ಕಿರೀಟ ಬೆಸೆದು ಸಿಡ್ನಿ ನೌಕೆಯ ಸಿಬ್ಬಂದಿಗೆ ಪದಕಗಳಂತೆ ಹಂಚಲಾಯಿತು. ಅವುಗಳ ನಕಲು ಬೇರೆಯದೇ ಒಂದು ದಂಧೆ, ನಾನು ಆ ಕಡೆ ತಲೆ ಹಾಕುವುದಿಲ್ಲ. 1950ರ ದಶಕದಲ್ಲಿ ಜಪಾನಿನ ಗುಜರಿ ಕಂಪನಿಯೊಂದು ಉಕ್ಕಿನ ಬಹುಭಾಗವನ್ನು ಕತ್ತರಿಸಿ ಒಯ್ದಿತು. ಉಳಿದದ್ದು ಅಲೆಗಳ ಕೆಳಗೆ ಚದುರಿದೆ. ಆ ದ್ವೀಪ ಈಗ ಪುಲು ಕೀಲಿಂಗ್ ರಾಷ್ಟ್ರೀಯ ಉದ್ಯಾನ. ಅವಶೇಷಕ್ಕೆ ಆಸ್ಟ್ರೇಲಿಯಾದ ಕಾನೂನಿನ ರಕ್ಷಣೆಯಿದೆ, ಅನುಮತಿಯಿಲ್ಲದೆ ಅಲ್ಲಿಂದ ಒಂದು ಗುಂಡಿಯನ್ನು ತರುವುದೂ ಅಪರಾಧ. ಹಾಗಿದ್ದರೂ ‘ಎಮ್ಡೆನ್ ಅವಶೇಷದಿಂದ ಸಿಕ್ಕ ಸಮವಸ್ತ್ರದ ಗುಂಡಿ’ ಎಂದು ಹಸಿರು ಕಿಲುಬು ಹಿಡಿದ ಹಿತ್ತಾಳೆ ಬಿಲ್ಲೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಲಂಗರಿನ ಗುರುತಿನ ಆ ಗುಂಡಿಗಳು ಇಡೀ ನೌಕಾಪಡೆಗೆ ಒಂದೇ ಬಗೆಯವು, ನೌಕೆಯ ಹೆಸರು ಅವುಗಳ ಮೇಲೆ ಇರುವುದಿಲ್ಲ. ಮಾರುವವನ ಮಾತು ಸುಳ್ಳಾದರೆ ಅದು ಯಾವುದೋ ಗುಂಡಿ. ನಿಜವಾದರೆ ಸತ್ತವರ ಎದೆಯ ಮೇಲಿಂದ ಕದ್ದದ್ದು. ಎರಡೂ ಸಂದರ್ಭಗಳಲ್ಲಿ ಕೊಳ್ಳಲು ಕಾರಣವೇ ಇಲ್ಲ.

ಕಳೆದ ಬಾರಿ ಊರಿಗೆ ಹೋಗಿದ್ದಾಗ ಸೋದರತ್ತೆಗೆ ಈ ಸಂಗ್ರಹದ ಫೋಟೋಗಳನ್ನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ನೋಡಿ, “ಸತ್ತೋರ ಬಟ್ಟೇನೆಲ್ಲ ಮನೇಲಿ ಪೇರಿಸಿಟ್ಕೊಂಡಿದ್ದೀಯಲ್ಲೋ, ನಿನ್ನ ಹೆಂಡ್ತಿ ಏನೂ ಅನ್ನಲ್ವೇನೋ?” ಎಂದರು. “ಇದನ್ನ ಹಾಕ್ಕೊಂಡಿದ್ದೋನು ಯುದ್ಧಕ್ಕೆ ಮುಂಚೇನೇ ಊರಿಗೆ ವಾಪಸ್ ಹೋಗಿದ್ದ ಅತ್ತೆ, ಅದಕ್ಕೇ ಬಟ್ಟೆ ಉಳಿದಿರೋದು” ಎಂದೆ. “ಹಾಗಾದ್ರೆ ಪರವಾಗಿಲ್ಲ” ಎಂದು ಸಮಾಧಾನಪಟ್ಟುಕೊಂಡವರು, ಸ್ವಲ್ಪ ಹೊತ್ತಿನ ಮೇಲೆ, “ನಮ್ಮೂರಿಗೆ ಗುಂಡು ಹಾಕಿದೋರಲ್ವೇನೋ ಅವ್ರು?” ಎಂದು ಕೇಳಿದರು. ಆ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಮ್ಯುಲ್ಲರ್ ವಶಪಡಿಸಿಕೊಂಡ ಹಡಗುಗಳ ಸಿಬ್ಬಂದಿಯನ್ನು ಕ್ಷೇಮವಾಗಿ ಕಳುಹಿಸಿಕೊಡುತ್ತಿದ್ದ ಸಭ್ಯ ಎಂದು ಬ್ರಿಟಿಷ್ ಪತ್ರಿಕೆಗಳೂ ಹೊಗಳಿದವು, ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಮದ್ರಾಸಿನಲ್ಲಿಯೂ ಅಂದು ಜನ ಸತ್ತಿದ್ದರು. ಸಭ್ಯ ಕ್ಯಾಪ್ಟನ್ನನ ಕಥೆಯನ್ನು ಹಾಡಿ ಹೊಗಳುವ ಸಂಗ್ರಾಹಕರ ಬರಹಗಳಲ್ಲಿ ಅವರಿಗೆ ಒಂದು ಸಾಲೂ ಸಿಗುವುದಿಲ್ಲ. ನನ್ನ ಪಟ್ಟಿಯ ಪುಸ್ತಕದಲ್ಲಿ ಪ್ರತಿ ವಸ್ತುವಿನ ಮುಂದೆ ಅದನ್ನು ತೊಟ್ಟವನು ಸೆಪ್ಟೆಂಬರ್ 22ರಂದು ನೌಕೆಯ ಮೇಲೆ ಇದ್ದನೇ ಇಲ್ಲವೇ ಎಂದು ಒಂದು ಅಂಕಣವನ್ನು ಆ ಮಾತಿನ ನಂತರ ಸೇರಿಸಿದ್ದೇನೆ.

ಕಾಪಿಡುವ ಬಗ್ಗೆ ಹೇಳುವುದಾದರೆ, ಹಳೆಯ ಲೋಹದ ಎಳೆಗೆ ಪಾಲಿಶ್ ಹಾಕಬಾರದು, ರಿಬ್ಬನ್ನನ್ನು ಮಡಚಬಾರದು. ಆಮ್ಲರಹಿತ ಕಾಗದದ ಸುರುಳಿಗೆ ಅಕ್ಷರಗಳು ಹೊರಮುಖವಾಗಿರುವಂತೆ ಸಡಿಲವಾಗಿ ಸುತ್ತಿ, ಬೆಳಕಿಲ್ಲದ ಡ್ರಾಯರಿನಲ್ಲಿ ಇಡುತ್ತೇನೆ. ಉಣ್ಣೆಯ ನೀಲಿ ಅಂಗಿಗಳಿಗೆ ನುಸಿಯ ಭಯವಿರುವುದರಿಂದ ಕೊಂಡ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲವು ವಾರ ಫ್ರೀಜರಿನಲ್ಲಿ ಇಡುವುದು ರೂಢಿ. ನಮ್ಮ ಮನೆಯ ಫ್ರೀಜರಿನಲ್ಲಿ ಅವರೆಕಾಳಿನ ಪೊಟ್ಟಣಗಳ ಪಕ್ಕ ಜರ್ಮನ್ ನಾವಿಕನ ಕೋಟು ಇರುವುದಕ್ಕೆ ಹೆಂಡತಿಯ ಆಕ್ಷೇಪ ಇದೆ, ಅತ್ತೆ ಊಹಿಸಿದ ಕಾರಣಕ್ಕಲ್ಲ.

ರೇಷ್ಮೆಯ ಪಟವನ್ನು ಹೆಚ್ಚು ಕಾಲ ನಾನೇ ಇಟ್ಟುಕೊಳ್ಳುವ ಉದ್ದೇಶವಿಲ್ಲ. ಎಮ್ಡೆನ್ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಅದನ್ನು ಕೊಡುವ ಯೋಚನೆಯಿದೆ, ನೌಕೆಗೆ ಹೆಸರು ಕೊಟ್ಟ ಊರು ಅದು. ಕೊಡುವಾಗ ಒಂದೇ ಷರತ್ತು ಕೇಳಬೇಕೆಂದಿದ್ದೇನೆ. ಪಟವನ್ನು ಯಾವ ಮನೆಯಿಂದ, ಯಾವ ಕಾಗದಗಳೊಂದಿಗೆ, ಎಷ್ಟು ಬೆಲೆಗೆ ಕೊಂಡೆ ಎಂಬ ನನ್ನ ಟಿಪ್ಪಣಿ ಮತ್ತು ರಸೀದಿಗಳನ್ನು ಪಟದ ಜೊತೆಯಲ್ಲಿಯೇ, ಅದೇ ಪೆಟ್ಟಿಗೆಯಲ್ಲಿ ಇಡಬೇಕು.